ಮೋರಿ ಚಪ್ಪಡಿ ಮುರಿದಿದೆ, ಯಾರನ್ನು ಕೇಳೋದು? ಕಾರ್ಪೊರೇಟರ್ ಬೇಕಾ, ಬೇಡ್ವಾ?

ಮೂರನೇ ಕ್ರಾಸ್
ನಮ್ಮ ರಸ್ತೆ ತಿರುವಿನಲ್ಲಿ ಮೋರಿ ಮೇಲಿನ ಚಪ್ಪಡಿ ಮುರಿದು ಎರಡು ತಿಂಗಳಾಯಿತು. ನೀರಿನ ಟ್ಯಾಂಕರಿನವನು ರಿವರ್ಸ್ ತೆಗೆಯುವಾಗ ಹಿಂದಿನ ಚಕ್ರ ಹತ್ತಿಸಿದ. ಕಲ್ಲು ಎರಡು ಹೋಳಾಗಿ ಒಳಗೆ ಬಿತ್ತು. ಯಾರೋ ಪುಣ್ಯಾತ್ಮರು ಆ ಗುಂಡಿಗೆ ಒಂದು ಹಸಿ ಕೊಂಬೆ ನೆಟ್ಟು, ತುದಿಗೆ ಕೆಂಪು ಬ್ಲೌಸ್ ಪೀಸು ಕಟ್ಟಿದ್ದಾರೆ. ಇಲ್ಲಿವರೆಗೆ ಆಗಿರುವ ಕಾಮಗಾರಿ ಅಷ್ಟೇ.

ಸಹಾಯವಾಣಿಗೆ ಫೋನ್ ಮಾಡಿದೆ. ದೂರಿನ ನಂಬರ್ ಕೊಟ್ಟರು. ಮೂರನೇ ದಿನ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಗೇಟಿನ ಹತ್ತಿರ ಹೋಗಿ ನೋಡಿದೆ, ಕೊಂಬೆ ಹಾಗೇ ನಿಂತಿತ್ತು. ಆಮೇಲೆ ವಾರ್ಡ್ ಆಫೀಸಿಗೆ ಹೋದೆ. ‘ನಿಮ್ಮ ರಸ್ತೆ ಈಗ ನಮಗೆ ಬರಲ್ಲ ಸಾರ್, ಪಕ್ಕದ ವಾರ್ಡಿಗೆ ಹೋಗಿದೆ’ ಅಂದರು. ಪಕ್ಕದವರು ‘ಇನ್ನೂ ನಮಗೆ ಬಂದಿಲ್ಲ’ ಅಂದರು. ಮೊನ್ನೆ ಎದುರು ಮನೆ ಅಜ್ಜಿ ಬೆಳಗಿನ ಜಾವ ಹಾಲು ತರಲು ಹೋಗಿ ಆ ಗುಂಡಿಗೆ ಕಾಲಿಟ್ಟೇ ಬಿಡುತ್ತಿದ್ದರು. ಬ್ಲೌಸ್ ಪೀಸು ಕೈಗೆ ಸಿಕ್ಕಿದ್ದರಿಂದ ಬಚಾವು.

ಮೊದಲಾಗಿದ್ದರೆ ಬೆಳಗ್ಗೆ ಏಳಕ್ಕೆ ಕಾರ್ಪೊರೇಟರ್ ಮನೆ ಮುಂದೆ ನಿಂತುಬಿಡುತ್ತಿದ್ದೆವು. ‘ಅವರಿದ್ದಾಗ ಏನು ಕಡಿದು ಕಟ್ಟೆ ಹಾಕಿದ್ದರು?’ ಅಂತ ನನ್ನ ಹೆಂಡತಿ ಕೇಳುತ್ತಾಳೆ. ನೀವೇ ಹೇಳಿ, ಕಾರ್ಪೊರೇಟರ್ ಇಲ್ಲದೆ ನಮ್ಮ ಬೆಂಗಳೂರಿಗೆ ನಷ್ಟ ಆಗಿದೆಯಾ, ಇಲ್ಲ ಖರ್ಚು ಉಳಿದಿದೆಯಾ?

ಕಾಫಿಪುಡಿ
ನಿಮ್ಮ ಮನೆಯವರು ಹೇಳಿದ್ದೇ ಸರಿ. ಖರ್ಚು ಉಳಿದಿದೆ.

ಎಂಬತ್ತಡಿ ರಸ್ತೆ
ಉಳಿದಿದೆ ಅಂತ ಯಾರು ಹೇಳಿದ್ದು? ಟೆಂಡರ್ ನಿಂತಿದೆಯಾ? ಬಿಲ್ ನಿಂತಿದೆಯಾ? ಸಭೆ ಮಾತ್ರ ನಿಂತಿದೆ.

ಹಳೇ ಖಾತೆ
ಸ್ವಲ್ಪ ಇತಿಹಾಸ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಬಿಎಂಪಿಗೆ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ, ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡ್‌ಗಳಿಗೆ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳದೇ ರಾಜ್ಯಭಾರ. ಆ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘198 ವಾರ್ಡಿಗೇ ಬೇಗ ಚುನಾವಣೆ ಮಾಡಿ’ ಅಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು. ಆಮೇಲೆ ವಾರ್ಡ್ 243 ಆಯಿತು. ಸರ್ಕಾರ ಬದಲಾಯಿತು, 225 ಆಯಿತು. ಈಗ ಪಾಲಿಕೆಯನ್ನೇ ಐದು ಭಾಗ ಮಾಡಿದ್ದಾರೆ, ಒಟ್ಟು 369 ವಾರ್ಡ್. ಲೆಕ್ಕ ಮಾಡುತ್ತಾ ಮಾಡುತ್ತಾ ಐದು ವರ್ಷ ಕಳೆದೇ ಹೋಯಿತು. ಒಂದು ಪೂರ್ತಿ ಕೌನ್ಸಿಲ್ ಹುಟ್ಟಿ, ಜಗಳ ಆಡಿ, ಮನೆಗೆ ಹೋಗುವಷ್ಟು ಕಾಲ.

ಹೀಗಾಗುವುದು ಹೊಸದೂ ಅಲ್ಲ. ಹಿಂದೆ 2006ರ ಕೊನೆಗೆ ಕೌನ್ಸಿಲ್ ಮುಗಿದಾಗಲೂ ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಆಗ ನೆಪ ಏನು? ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಮಾಡುತ್ತಿದ್ದೇವೆ ಅಂತ. ಆಗ ಸೇರಿಸಲು ಟೈಮ್ ಬೇಕಾಯಿತು, ಈಗ ಒಡೆಯಲು ಟೈಮ್ ಬೇಕಾಯಿತು.

ಬೋಂಡಾ ಸೂಪ್
ಕೊನೆಯ ಸಾಲಿಗೆ ನನ್ನ ಕಡೆಯಿಂದ ಒಂದು ಪ್ಲೇಟ್ ಬೋಂಡಾ.

ನೇರ ಮಾತು
ಒಂದು ಪಕ್ಷದವರನ್ನು ಮಾತ್ರ ಬೈಯಬೇಡಿ. ಇದನ್ನು ಶುರು ಮಾಡಿದ್ದು ಹಿಂದಿನ ಸರ್ಕಾರ.

ಹಳೇ ಖಾತೆ
ನಾನು ಯಾವ ಪಕ್ಷದ ಹೆಸರನ್ನೂ ಹೇಳಿಲ್ಲ ಸ್ವಾಮಿ. 243 ಮಾಡಿದವರು ಬಿಜೆಪಿಯವರು. 225 ಮಾಡಿ, ಅದೂ ಸಾಲದೆ ಐದು ಹೋಳು ಮಾಡಿದವರು ಕಾಂಗ್ರೆಸ್‌ನವರು. ಇಬ್ಬರಿಗೂ ಚುನಾವಣೆ ಬೇಕಿರಲಿಲ್ಲ. ಈ ಒಂದು ವಿಷಯದಲ್ಲಿ ಇಬ್ಬರೂ ಅಣ್ಣತಮ್ಮಂದಿರು.

ನೇರ ಮಾತು
ಹಂಗಂದ್ರೆ ಸರಿ.

ಜಲ್ಲಿ ಮರಳು
ಕಾರ್ಪೊರೇಟರ್ ಬೇಕು ಅನ್ನುವವರು ಬೆಂಗಳೂರಿನಲ್ಲಿ ಮನೆ ಕಟ್ಟಿದ್ದೀರಾ? ನಾನು 2017ರಲ್ಲಿ ಕಟ್ಟಿಸಿದೆ. ತರ್ಟಿ ಫಾರ್ಟಿ ಸೈಟು. ಬೆಳಗ್ಗೆ ಒಂದು ಲೋಡ್ ಜಲ್ಲಿ ಇಳಿಸಿದೆ, ಸಂಜೆಗೆ ಬೈಕಿನಲ್ಲಿ ಇಬ್ಬರು ಹುಡುಗರು. ‘ಅಣ್ಣ ಒಂದ್ಸಲ ನೋಡ್ಕೊಂಡು ಬರೋಕೆ ಹೇಳಿದ್ರು’ ಅಂತ. ನೋಡಿಕೊಂಡು ಹೋದರೆ ಪರವಾಗಿಲ್ಲ, ಮಾರನೇ ದಿನ ಇನ್ನೊಬ್ಬ. ಮೋಲ್ಡ್ ಹಾಕುವ ದಿನ ಮತ್ತೆ ಪ್ರತ್ಯಕ್ಷ. ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿದೆ, ಕೂಲಿಯವರು ನಿಂತಿದ್ದಾರೆ, ನಾನು ಗೇಟಿನ ಹೊರಗೆ ಚೌಕಾಸಿ ಮಾಡುತ್ತಿದ್ದೇನೆ. ಎಷ್ಟು ಕೊಟ್ಟೆ ಅಂತ ನನ್ನ ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ದಯವಿಟ್ಟು ಅವರನ್ನು ಮತ್ತೆ ಕರೆಸಬೇಡಿ.

ಕಾಫಿಪುಡಿ
ಇದನ್ನೇ ನಾನು ಹೇಳಿದ್ದು.

ಗೇಟ್ ನಂಬರ್ 12
ಜಲ್ಲಿ ಮರಳು ಅವರೇ, ನಾನು ಹೋದ ವರ್ಷ ಕಟ್ಟಿಸಿದೆ. ಕಾರ್ಪೊರೇಟರ್ ಇಲ್ಲ. ಬೈಕ್ ಬಂತು. ಹುಡುಗರೂ ಬಂದರು. ಯಾರ ಕಡೆಯವರು ಅಂತ ಕೇಳಿದರೆ ಸರಿಯಾಗಿ ಹೇಳಲೂ ಇಲ್ಲ. ಮೊದಲು ದುಡ್ಡು ಯಾರಿಗೆ ಹೋಗುತ್ತಿತ್ತು ಅಂತಾದರೂ ಗೊತ್ತಿತ್ತು.

ಜಲ್ಲಿ ಮರಳು
ಅಯ್ಯೋ.

ಬಿಸಿಬೇಳೆ ಅಕ್ಕ
ನಮ್ಮ ವಾರ್ಡಿನಲ್ಲಿ ಹಿಂದೆ ಇದ್ದದ್ದು ಒಬ್ಬ ಹೆಂಗಸು. ಮಹಿಳಾ ಮೀಸಲು ಸೀಟು. ಗೆದ್ದಾಗ ‘ಇನ್ನೇನು, ಗಂಡನೇ ನಡೆಸೋದು’ ಅಂತ ಎಲ್ಲರೂ ನಕ್ಕಿದ್ದರು. ಮೊದಲ ಆರು ತಿಂಗಳು ಹಾಗೇ ಇತ್ತು, ಸುಳ್ಳು ಹೇಳಲ್ಲ. ಫೋನ್ ಮಾಡಿದರೆ ಗಂಡನೇ ಎತ್ತುತ್ತಿದ್ದ.

ಆಮೇಲೆ ಒಂದು ದಿನ ಕಸದ ಆಟೊ ನಾಲ್ಕು ದಿನ ಬಂದಿಲ್ಲ ಅಂತ ಬೀದಿ ಹೆಂಗಸರೆಲ್ಲ ಸೇರಿ ಅವರ ಮನೆ ಗೇಟಿನ ಮುಂದೆ ಬಕೆಟ್ ಇಟ್ಟು ಬಂದೆವು. ಹಸಿ ಕಸ, ಬೇಸಿಗೆ ಬೇರೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಆಕೆ ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಟಿಪ್ಪರ್ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬೀದಿ ಬೀದಿ ಸುತ್ತಿದರು. ಅಲ್ಲಿಂದ ಫೋನ್ ಅವರೇ ಎತ್ತತೊಡಗಿದರು. ದೇವತೆ ಅಂತ ಹೇಳುತ್ತಿಲ್ಲ. ಪಾರ್ಕಿನ ಕಾಂಪೌಂಡ್ ಎರಡು ಸಲ ಕಟ್ಟಿಸಿ ಎರಡು ಸಲ ಬಿಲ್ ಮಾಡಿಸಿದರು ಅಂತ ಮಾತಿತ್ತು. ಆದರೂ ಬಕೆಟ್ ಇಡೋಕೆ ಒಂದು ಗೇಟು ಇತ್ತು. ಈಗ ಬಕೆಟ್ ಎಲ್ಲಿಡೋಣ? ಮುಖ್ಯಮಂತ್ರಿಗಳ ಮನೆ ಮುಂದೆ ಇಡೋಕೆ ಆಗುತ್ತಾ?

ಎತ್ತಿನಗಾಡಿ
ಹೊಸ ಕಾನೂನಿನ ಪ್ರಕಾರ ಇಡಬಹುದು ಅಕ್ಕ. ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು.

ಬಿಸಿಬೇಳೆ ಅಕ್ಕ
ಹಾಗಾದರೆ ದೊಡ್ಡ ಬಕೆಟ್ ತರುತ್ತೇನೆ.

ಲಾ ಪಾಯಿಂಟ್
ತಮಾಷೆ ಇರಲಿ, ಮುಖ್ಯ ವಿಷಯ ಅದೇ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನಗರಪಾಲಿಕೆಯ ಅವಧಿ ಐದು ವರ್ಷ. ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಆಗಿರಬೇಕು. ‘ವಾರ್ಡ್ ಲೆಕ್ಕ ಮುಗಿದ ಮೇಲೆ’ ಅಂತಾಗಲೀ ‘ಅನುಕೂಲ ಆದಾಗ’ ಅಂತಾಗಲೀ ಅಲ್ಲಿ ಬರೆದಿಲ್ಲ. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ ಬಾಕಿ ಇದೆ ಅಂತ ಚುನಾವಣೆ ಮುಂದೂಡುವಂತಿಲ್ಲ ಅಂತ.

ಈಗಿನ ಏರ್ಪಾಡು ಹೀಗಿದೆ. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರಪಾಲಿಕೆ. ಒಂದೊಂದಕ್ಕೂ ಒಬ್ಬ ಮೇಯರ್, ಅವಧಿ ಎರಡೂವರೆ ವರ್ಷ. ಮೊದಲು ಒಂದೇ ವರ್ಷ ಇತ್ತು. ಕುರ್ಚಿ ಬಿಸಿ ಆಗುವಷ್ಟರಲ್ಲಿ ಏಳಬೇಕಿತ್ತು. ಇದು ಒಳ್ಳೆಯದೇ. ಆದರೆ ಮೇಲೆ ಪ್ರಾಧಿಕಾರ ಕೂತಿದೆ, ಅದರ ತಲೆಯ ಮೇಲೆ ರಾಜ್ಯ ಸರ್ಕಾರ. ಊರಿನ ದೊಡ್ಡ ಕೆಲಸ, ದೊಡ್ಡ ದುಡ್ಡು ಎಲ್ಲ ಮೇಲೆಯೇ. ಕಾರ್ಪೊರೇಟರ್‌ಗೆ ಉಳಿಯುವುದು ನಮ್ಮ ಮೂರನೇ ಕ್ರಾಸ್ ಅವರ ಚಪ್ಪಡಿ.

ಮೂರನೇ ಕ್ರಾಸ್
ನನಗೆ ಅಷ್ಟೇ ಸಾಕು ಸಾರ್. ಚಪ್ಪಡಿಗಿಂತ ಜಾಸ್ತಿ ಕೇಳಿಲ್ಲ.

ಎಂಬತ್ತಡಿ ರಸ್ತೆ
ಒಂದು ಚಪ್ಪಡಿ ಹಾಕೋಕೆ ಆಗದವರು ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ತೋಡುತ್ತಾರಂತೆ.

ಬೋಂಡಾ ಸೂಪ್
ಮೂರನೇ ಕ್ರಾಸ್‌ನಲ್ಲಿ ಆಗಲೇ ಶುರು ಮಾಡಿದ್ದಾರಲ್ಲ.

ಒಗ್ಗರಣೆ
ನನಗೊಂದು ಸಿಟ್ಟಿದೆ. ಕಸದ ಶುಲ್ಕ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ವಸೂಲಿ. 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100, ಹಾಗೇ ಏರುತ್ತಾ 400ರವರೆಗೆ. ನಮ್ಮದು ಮೂರು ಪೋರ್ಷನ್ ಇರುವ ಮನೆ, ಕೆಳಗೆ ನಾವು, ಮೇಲೆ ಬಾಡಿಗೆ. ವರ್ಷಕ್ಕೆ ಎಷ್ಟಾಯಿತು ಅಂತ ಲೆಕ್ಕ ಹಾಕಿ ಸುಮ್ಮನಾದೆ. ದುಡ್ಡು ಕೊಡಲ್ಲ ಅಂತಲ್ಲ. ಇದನ್ನು ಯಾವ ಕೌನ್ಸಿಲ್ ಸಭೆಯಲ್ಲಿ ಚರ್ಚೆ ಮಾಡಿದರು? ಕಾರ್ಪೊರೇಟರ್‌ಗಳು ಇದ್ದಿದ್ದರೆ ಮೈಕ್ ಕಿತ್ತುಕೊಂಡು, ಸಭೆಯ ಬಾವಿಗಿಳಿದು, ಕಸದ ಬುಟ್ಟಿ ಹೊತ್ತುಕೊಂಡು ಬಂದು ಗಲಾಟೆ ಮಾಡುತ್ತಿದ್ದರು. ನಾಟಕವೇ ಇರಬಹುದು. ಆದರೂ ನಮ್ಮ ಪರವಾಗಿ ಕಿರುಚಲು ಯಾರೋ ಇರುತ್ತಿದ್ದರು, ಅಲ್ವಾ?

ಕಾಫಿಪುಡಿ
ಕಿರುಚಿ, ಮಧ್ಯಾಹ್ನ ಊಟ ಮುಗಿಸಿ, ಪಾಸ್ ಮಾಡುತ್ತಿದ್ದರು.

ಒಗ್ಗರಣೆ
ಇರಲಿ ಬಿಡಿ, ಪೇಪರಿನಲ್ಲಿ ಫೋಟೊ ಆದರೂ ಬರುತ್ತಿತ್ತು. ಈಗ ಆದೇಶ ಒಂದೇ ಬರುವುದು.

ಟಿಪ್ಪರ್ ಶಬ್ದ
ಕಸದ ಮಾತು ಬಂತಲ್ಲ. ಕಡಲೆಕಾಯಿ ಪರಿಷೆಗೆ ಹೋಗಿದ್ದಿರಾ? ದೊಡ್ಡ ಬಸವಣ್ಣನ ಗುಡಿ ರಸ್ತೆ ತುಂಬ ಸಿಪ್ಪೆ. ಬೆಳಗಿನ ಜಾವ ಪೌರಕಾರ್ಮಿಕರು ಮಂಡಿ ಎತ್ತರ ಗುಡ್ಡೆ ಹಾಕಿದ್ದರು. ಅವರ ಕೆಲಸಕ್ಕೆ ಒಂದು ನಮಸ್ಕಾರ. ನಾವು ಮಾತ್ರ ತಿನ್ನುತ್ತಾ ನಡೆದದ್ದೇ ನಡೆದದ್ದು.

ಬೋಂಡಾ ಸೂಪ್
ಕಾರ್ತಿಕದ ಕೊನೆ ಸೋಮವಾರ ಬಿಟ್ಟು ಬೇರೆ ದಿನ ಹೋದರೆ ರೇಟು ಕಮ್ಮಿ. ಹಸಿ ಕಾಯಿ ತಗೊಳ್ಳಿ, ಹುರಿದದ್ದು ಬೇಡ. ಇಷ್ಟು ಹೇಳಿ ನಾನು ಮತ್ತೆ ರಾಜಕೀಯಕ್ಕೆ ಬರುತ್ತೇನೆ.

ಗುಣಾಕಾರ
ಯಾರೂ ಹೇಳದ ಒಂದು ಲೆಕ್ಕ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನ ಸುಮಾರು 84 ಲಕ್ಷ. 198 ವಾರ್ಡಿಗೆ ಹಂಚಿದರೆ ಒಂದಕ್ಕೆ 42 ಸಾವಿರ. 369ಕ್ಕೆ ಹಂಚಿದರೆ 23 ಸಾವಿರ. ಈಗ ಜನ ಎಷ್ಟೋ ಜಾಸ್ತಿ ಆಗಿದ್ದಾರೆ, ಆ ಮಾತು ಬೇರೆ. ಆದರೂ ವಾರ್ಡ್ ಚಿಕ್ಕದಾದರೆ ಕಾರ್ಪೊರೇಟರ್ ಕೈಗೆ ಸಿಗುತ್ತಾನೆ. ನನಗೆ ಐದು ಪಾಲಿಕೆ ಇಷ್ಟವಿಲ್ಲ, ಸಣ್ಣ ವಾರ್ಡ್ ಇಷ್ಟ.

ಎತ್ತಿನಗಾಡಿ
ಐದು ಪಾಲಿಕೆ ಯಾಕೆ ಬೇಡ?

ಗುಣಾಕಾರ
ರಾಜಕಾಲುವೆಗೆ ಪಾಲಿಕೆ ಗಡಿ ಗೊತ್ತಾ? ಒಬ್ಬರ ಏರಿಯಾದಲ್ಲಿ ಮಳೆ, ಇನ್ನೊಬ್ಬರ ಏರಿಯಾದಲ್ಲಿ ಮನೆಗೆ ನೀರು. ‘ನೀರು ನಿಮ್ಮ ಕಡೆಯಿಂದ ಬಂತು’ ಅಂತ ಐದು ಮೇಯರ್‌ಗಳು ಪತ್ರ ಬರೆದುಕೊಂಡು ಕೂತಿರುತ್ತಾರೆ.

ಹಳೇ ಖಾತೆ
ಹಿಂದೆಯೂ ಹೀಗೇ ಇತ್ತು. 1862ರಿಂದ ಪೇಟೆಗೊಂದು, ದಂಡಿಗೊಂದು ಮುನಿಸಿಪಾಲಿಟಿ. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದರು. ಕಂಟೋನ್ಮೆಂಟನ್ನು ನಮ್ಮ ತಾತ ಕೊನೆಯವರೆಗೂ ‘ದಂಡು’ ಅಂತಲೇ ಕರೆಯುತ್ತಿದ್ದರು. ಅವರಿಗೆ ಅದು ಬೇರೆ ಊರು.

ಹೊಸ ಬಾಡಿಗೆದಾರ
ನಾನು ಹುಬ್ಬಳ್ಳಿಯವ. ಇಲ್ಲಿ ಬಂದು ಆರು ವರ್ಷ ಆತು. ಕಾರ್ಪೊರೇಟರ್ ಅಂದರೆ ಹೆಂಗಿರ್ತಾರೆ ಅಂತ ಬೆಂಗಳೂರಿನಾಗ ಇನ್ನೂ ನೋಡಿಲ್ಲ. ನಮ್ಮ ಕಡೆ ಬರ್ರಿ, ತೋರಸ್ತೀನಿ.

ನೇರ ಮಾತು
ಅಣ್ಣ, ಅಲ್ಲಿ ರಸ್ತೆ ಹೇಗಿದೆ?

ಹೊಸ ಬಾಡಿಗೆದಾರ
ಅದನ್ನ ಕೇಳಬ್ಯಾಡ್ರಿ.

ಎಂಬತ್ತಡಿ ರಸ್ತೆ
ಇಷ್ಟು ವರ್ಷ ಲಾಭ ಆದದ್ದು ಎಂಎಲ್ಎಗಳಿಗೆ. ನಗರದ 28 ಕ್ಷೇತ್ರಗಳಲ್ಲಿ ಅವರೇ ಎಂಎಲ್ಎ, ಅವರೇ ಕಾರ್ಪೊರೇಟರ್. ಮೋರಿ ಪೂಜೆಗೂ ಅವರೇ ಗುದ್ದಲಿ ಹಿಡಿಯುತ್ತಾರೆ. ಕೈಕೆಳಗೆ ಒಬ್ಬ ಬೆಳೆದು ನಾಳೆ ತನ್ನ ಟಿಕೆಟ್‌ಗೇ ಕೈ ಹಾಕುವುದು ಯಾರಿಗೆ ಬೇಕು? ಚುನಾವಣೆ ತಳ್ಳಿದ್ದಕ್ಕೆ ವಾರ್ಡ್ ಲೆಕ್ಕ ಕಾರಣ ಅಂತ ನಂಬಬೇಡಿ.

ಲಾ ಪಾಯಿಂಟ್
ಇದಕ್ಕೊಂದು ಹಳೇ ಉದಾಹರಣೆ. 2015ರಲ್ಲಿ 198ರಲ್ಲಿ ಬಿಜೆಪಿ ಗೆದ್ದದ್ದು 100. ಮೇಯರ್ ಆದದ್ದು ಕಾಂಗ್ರೆಸ್‌ನವರು, ಜೆಡಿಎಸ್ ಮತ್ತು ಪಕ್ಷೇತರರ ಜೊತೆ ಸೇರಿ. ಹೇಗೆ? ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು, ಪರಿಷತ್ ಸದಸ್ಯರಿಗೂ ವೋಟು ಇತ್ತು. ವಾರ್ಡಿನಲ್ಲಿ ಜನ ಹಾಕಿದ ವೋಟಿನ ಮೇಲೆ ವಿಧಾನಸೌಧದವರು ಕೂತರು.

ನೇರ ಮಾತು
ನೋಡಿ, ನಾನು ಹೇಳಿದ್ದು ಇದೇ! ಜನಾದೇಶಕ್ಕೆ ಮೋಸ.

ಹಳೇ ಖಾತೆ
ನೀವು ಹೇಳಿದ್ದು ಅದಲ್ಲ. ಇರಲಿ. ಕಾನೂನಿನಲ್ಲಿ ಇದ್ದದ್ದನ್ನೇ ಮಾಡಿದರು, ಅವಕಾಶ ಸಿಕ್ಕಿದ್ದರೆ ನಿಮ್ಮವರೂ ಬಿಡುತ್ತಿರಲಿಲ್ಲ. ಆ ಚುನಾವಣೆಯಲ್ಲಿ ಅರ್ಧದಷ್ಟು ಜನವೂ ವೋಟು ಹಾಕಿರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಇಲ್ಲಿ ಮಾತಾಡುತ್ತಿರುವವರಲ್ಲಿ ಎಷ್ಟು ಜನ ಹಾಕಿದ್ದಿರಿ? ಕೈ ಎತ್ತಿ.

ಬಿಸಿಬೇಳೆ ಅಕ್ಕ
ಹಾಕಿದ್ದೆ.

ಒಗ್ಗರಣೆ
ಹಾಕಿದ್ದೆ.

ಕಾಫಿಪುಡಿ
ಆವತ್ತು ಶನಿವಾರ ಇತ್ತು. ಮಡಿಕೇರಿಗೆ ಹೋಗಿದ್ದೆವು.

ಎಂಬತ್ತಡಿ ರಸ್ತೆ
ಅಯ್ಯೋ ಪುಣ್ಯಾತ್ಮ! ಬೆಳಗ್ಗೆಯಿಂದ ಎಲ್ಲರಿಗಿಂತ ಜಾಸ್ತಿ ಮಾತಾಡಿದ್ದು ನೀವೇ.

ಕಾಫಿಪುಡಿ
ಅದಕ್ಕೇ ತಾನೆ ಕಾರ್ಪೊರೇಟರ್ ಬೇಡ ಅಂತಿರುವುದು. ಒಂದೇ ಮಾತಿಗೆ ನಿಂತಿದ್ದೇನೆ.

ಗೇಟ್ ನಂಬರ್ 12
ನಮ್ಮ ಊರು ಒಂದೇ ಅಲ್ಲ ಬಿಡಿ. ಚೆನ್ನೈಯಲ್ಲಿ 2016ರಲ್ಲಿ ಅವಧಿ ಮುಗಿದರೆ ಚುನಾವಣೆ ಆದದ್ದು 2022ರ ಫೆಬ್ರವರಿಯಲ್ಲಿ. ಮುಂಬೈಯಲ್ಲೂ 2022ರ ಮಾರ್ಚ್‌ನಲ್ಲಿ ಕಾರ್ಪೊರೇಟರ್‌ಗಳು ಮನೆಗೆ ಹೋದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ.

ಹೊಸ ಬಾಡಿಗೆದಾರ
ಮಂದಿ ಮನಿ ಸೋರಿದರ ನಮ್ಮ ಮನಿ ಸೋರೂದು ನಿಲ್ಲತೈತೇನ್ರಿ?

ಫೈಲ್ ನಂಬರ್
ನಾನು ಇಂಥದ್ದೇ ಒಂದು ಆಫೀಸಿನಿಂದ ರಿಟೈರ್ ಆದವನು. ಎಲ್ಲಿ ಅಂತ ಕೇಳಬೇಡಿ. ಅಧಿಕಾರಿಗಳನ್ನು ಎಲ್ಲರೂ ಬೈಯುತ್ತಿದ್ದೀರಿ, ಒಂದು ಮಾತು ಹೇಳುತ್ತೇನೆ. ಒಬ್ಬ ಎಂಜಿನಿಯರ್ ಕೈಗೆ ಎರಡು ಮೂರು ವಾರ್ಡ್ ಕೊಟ್ಟಿರುತ್ತಾರೆ. ಬೆಳಗ್ಗೆ ಮೀಟಿಂಗ್, ಮಧ್ಯಾಹ್ನ ವಿಡಿಯೊ ಮೀಟಿಂಗ್, ಸಂಜೆ ಯಾರೋ ಗಣ್ಯರು ಹೋಗುವ ರಸ್ತೆಯ ಗುಂಡಿ. ನಿಮ್ಮ ಚಪ್ಪಡಿ ಅವನ ಪಟ್ಟಿಯಲ್ಲಿ ಇರುತ್ತದೆ, ಆದರೆ ಅದನ್ನು ಮೇಲಕ್ಕೆ ತರಲು ಯಾರೂ ಇಲ್ಲ. ಕಾರ್ಪೊರೇಟರ್ ಇದ್ದಾಗ ಟೇಬಲ್ ಮುಂದೆ ಬಂದು ಕೂತು ‘ನನ್ನ ವಾರ್ಡಿಂದು ಮೊದಲು ಹಾಕ್ರೀ’ ಅಂತ ಹಠ ಮಾಡುತ್ತಿದ್ದರು. ನಮಗೆ ಪ್ರಾಣಹಿಂಸೆ ಆಗುತ್ತಿತ್ತು. ಆದರೆ ಕೆಲಸ ಆಗುತ್ತಿತ್ತು. ಈಗ ಹಿಂಸೆ ಇಲ್ಲ, ಆರಾಮ.

ದೂರು ‘ಪರಿಹರಿಸಲಾಗಿದೆ’ ಅಂತ ಯಾಕೆ ಬರುತ್ತದೆ ಗೊತ್ತಾ? ಬಾಕಿ ದೂರು ಎಷ್ಟು ಅಂತ ಮೇಲಿನವರು ವಾರವಾರ ಕೇಳುತ್ತಾರೆ. ಚಪ್ಪಡಿ ಹಾಕಿದರೂ ಬಾಕಿ ಇಳಿಯುತ್ತದೆ, ಮುಚ್ಚಿದರೂ ಇಳಿಯುತ್ತದೆ. ಮುಚ್ಚುವುದಕ್ಕೆ ಸಿಮೆಂಟ್ ಬೇಡ.

ಬೋಂಡಾ ಸೂಪ್
ಸಾರ್, ಇಷ್ಟು ನಿಜ ಒಂದೇ ಸಲ ಹೇಳಬಾರದು.

ಮೂರನೇ ಕ್ರಾಸ್
ಹಾಗಾದರೆ ನಾನೀಗ ಏನು ಮಾಡಲಿ ಸಾರ್?

ಫೈಲ್ ನಂಬರ್
ದೂರು ಮತ್ತೆ ಹಾಕಿ, ಹೊಸದಾಗಿ. ಹಳೆಯದನ್ನು ತೆರೆಸಲು ಹೋಗಬೇಡಿ. ಫೋಟೊದಲ್ಲಿ ಕಂಬದ ನಂಬರ್ ಕಾಣುವ ಹಾಗೆ ತೆಗೆಯಿರಿ, ಜಾಗ ಎಲ್ಲಿ ಅಂತ ತಕರಾರು ಇರುವುದಿಲ್ಲ. ಅಳತೆ ಬರೆಯಿರಿ. ‘ಚರಂಡಿ ಸಮಸ್ಯೆ’ ಅಂತ ಹಾಕಬೇಡಿ, ‘ಅಪಾಯಕಾರಿ, ವಯಸ್ಸಾದವರು ಬೀಳುವುದರಲ್ಲಿದ್ದರು’ ಅಂತ ಹಾಕಿ. ಕಾಗದದಲ್ಲಿ ಒಂದು ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಸೀಲಿಗೆ ಈಗಲೂ ಮರ್ಯಾದೆ ಇದೆ.

ಜಲ್ಲಿ ಮರಳು
ಅದೆಲ್ಲ ಯಾಕೆ? ರಸ್ತೆಯವರೆಲ್ಲ ನೂರಿನ್ನೂರು ಹಾಕಿ ಒಂದು ಚಪ್ಪಡಿ ತರಿಸಿ. ನಮ್ಮ ಬೀದಿಯಲ್ಲಿ ಹಾಗೇ ಮಾಡಿದೆವು. ಕಲ್ಲು, ಆಟೊ, ಕೂಲಿ ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ. ಅರ್ಧ ದಿನದಲ್ಲಿ ಮುಗಿಯಿತು.

ಒಗ್ಗರಣೆ
ತೆರಿಗೆ ಕಟ್ಟಿ, ಕಸಕ್ಕೆ ಕಟ್ಟಿ, ಈಗ ಚಪ್ಪಡಿಗೂ ನಾವೇ ಕಟ್ಟೋದಾ? ಆಗಲ್ಲ.

ಜಲ್ಲಿ ಮರಳು
ಹಾಗಾದರೆ ಅಜ್ಜಿ ಬೀಳಲಿ ಬಿಡಿ.

ಬಿಸಿಬೇಳೆ ಅಕ್ಕ
ಅಪಶಕುನ ನುಡೀಬೇಡಿ ನೀವು. ಮೂರನೇ ಕ್ರಾಸ್ ಅವರೇ, ಚಪ್ಪಡಿ ಹಾಕಿಸಿ, ಬಿಲ್ಲು ಇಟ್ಟುಕೊಳ್ಳಿ. ವೋಟು ಕೇಳಲು ಯಾರು ಮೊದಲು ಬರುತ್ತಾರೋ ಅವರ ಕೈಗೆ ಕೊಡಿ.

ಗುಣಾಕಾರ
ಮೊದಲು ನಿಮ್ಮ ಹೆಸರು ಯಾವ ವಾರ್ಡಿನ ಪಟ್ಟಿಯಲ್ಲಿದೆ ನೋಡಿಕೊಳ್ಳಿ. ಗಡಿ ಬದಲಾಗಿದೆ. ನಮ್ಮ ರಸ್ತೆಯ ಬಲಗಡೆ ಮನೆಗಳು ಒಂದು ವಾರ್ಡ್, ಎಡಗಡೆ ಇನ್ನೊಂದು. ನಡುವೆ ಇರುವ ಗುಂಡಿ ಯಾರದ್ದು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಮೂರನೇ ಕ್ರಾಸ್
ಎಲ್ಲರಿಗೂ ಥ್ಯಾಂಕ್ಸ್. ಫೈಲ್ ನಂಬರ್ ಸಾರ್ ಹೇಳಿದ ಹಾಗೆ ಕಂಬದ ನಂಬರ್ ಕಾಣುವಂತೆ ಫೋಟೊ ತೆಗೆಯಲು ಈಗ ಹೋಗಿದ್ದೆ. ಒಂದು ವಿಷಯ. ಆ ಕೊಂಬೆ ನುಗ್ಗೆಯದ್ದು. ಚಿಗುರಿದೆ! ಬ್ಲೌಸ್ ಪೀಸಿನ ಕೆಳಗೆ ನಾಲ್ಕು ಕಡ್ಡಿ ಎಲೆ ಬಿಟ್ಟಿದೆ.

ಎತ್ತಿನಗಾಡಿ
ಮುಗಿಯಿತು ಕಥೆ. ಇನ್ನು ಚಪ್ಪಡಿ ಹಾಕಬೇಕಾದರೆ ಮರ ಕಡಿಯಲು ಬೇರೆ ಅನುಮತಿ ತರಬೇಕು.

ಟಿಪ್ಪರ್ ಶಬ್ದ
ಯಾವ ಪಾಲಿಕೆಯಿಂದ?

ಬಿಸಿಬೇಳೆ ಅಕ್ಕ
ಮೋರಿ ನೀರಿನಲ್ಲಿ ಬೆಳೆದದ್ದು, ಸೊಪ್ಪು ಯಾರೂ ಕೀಳಬೇಡಿ.

ಮೂರನೇ ಕ್ರಾಸ್
ಅಜ್ಜಿ ಆಗಲೇ ಒಂದು ಹಿಡಿ ಕಿತ್ತುಕೊಂಡು ಹೋದರು ಅಕ್ಕ.